ರಾಖಿಯ ಎಳೆ: ಕಥೆ ಎಷ್ಟು, ಇತಿಹಾಸ ಎಷ್ಟು?

ಶ್ರಾವಣ ಮಾಸದ ಹುಣ್ಣಿಮೆಯನ್ನು ನಮ್ಮಲ್ಲಿ ನೂಲ ಹುಣ್ಣಿಮೆ ಎಂದು ಕರೆಯುವುದು ರೂಢಿ. ಯಜ್ಞೋಪವೀತ ಬದಲಿಸುವ ಉಪಾಕರ್ಮದ ದಿನವದು. ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಬೆನ್ನಿಗೆ ಹಾಲೆರೆದು ತವರು ತಣ್ಣಗಿರಲಿ ಎಂದು ಹಾರೈಸುವುದು ಅದಕ್ಕೂ ಹತ್ತು ದಿನ ಮೊದಲು ಬರುವ ನಾಗರಪಂಚಮಿಯಂದು. ಹೀಗಾಗಿ ನಮ್ಮ ಹಳ್ಳಿಗಳಿಗೆ ರಾಖಿಯು ಉತ್ತರದಿಂದ ತಡವಾಗಿ ಬಂದ ಅತಿಥಿ. ಬರುವಾಗ ಅದು ಕೆಲವು ಕಥೆಗಳನ್ನೂ ಕಟ್ಟಿಕೊಂಡು ಬಂದಿತು. "ಸಾರ್, ರಾಣಿ ಕರ್ಣಾವತಿ ಹುಮಾಯೂನನಿಗೆ ರಾಖಿ ಕಳಿಸಿದ್ದು ನಿಜವೇ?" ಎಂದು ತರಗತಿಯಲ್ಲಿ ಕೇಳಿದವರು ಬಹಳ ಮಂದಿ. ಅವರಲ್ಲಿ ಹಲವರು ಈಗ ಮಕ್ಕಳಿಗೆ ತಾವೇ ಆ ಕಥೆ ಹೇಳುವ ವಯಸ್ಸಿನವರು. ಆದ್ದರಿಂದ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲಿಗೆ ಪುರಾಣದ ಮಾತು. ಭವಿಷ್ಯೋತ್ತರ ಪುರಾಣದಲ್ಲಿ ಶ್ರಾವಣ ಪೂರ್ಣಿಮೆಯ ರಕ್ಷಾವಿಧಿಯ ವರ್ಣನೆಯಿದೆ. ಅಕ್ಷತೆ, ಬಿಳಿಸಾಸಿವೆ ಮತ್ತು ಬಂಗಾರದ ಚೂರನ್ನು ಇಟ್ಟು ಕಟ್ಟಿದ ಪುಟ್ಟ ಗಂಟನ್ನು ಪುರೋಹಿತನು ರಾಜನ ಕೈಗೆ ಕಟ್ಟುತ್ತಾನೆ. ಯುದ್ಧಕ್ಕೆ ಹೊರಟ ಇಂದ್ರನಿಗೆ ಶಚೀದೇವಿಯು ರಕ್ಷೆಯನ್ನು ಸಿದ್ಧಪಡಿಸಿದ ಕಥೆಯೂ ಅಲ್ಲಿಯೇ ಬರುತ್ತದೆ. ಗಮನಿಸಿ, ಇಲ್ಲಿ ಅಣ್ಣನೂ ಇಲ್ಲ, ತಂಗಿಯೂ ಇಲ್ಲ. ಒಡಹುಟ್ಟಿದವರ ಹಬ್ಬವಾಗಿ ಅದು ಬೆಳೆದದ್ದು ಉತ್ತರ ಭಾರತದ ಜನರ ಆಚರಣೆಯಲ್ಲಿ.

ಇನ್ನು ಕರ್ಣಾವತಿಯ ಪ್ರಸಂಗ. ಆಕೆ ಮೇವಾಡದ ರಾಣಾ ಸಂಗನ ವಿಧವೆ. 1527ರ ಖಾನ್ವಾ ಕದನದಲ್ಲಿ ಸಂಗನನ್ನು ಸೋಲಿಸಿದವನು ಹುಮಾಯೂನನ ತಂದೆ ಬಾಬರ್. ಕೆಲವೇ ವರ್ಷಗಳಲ್ಲಿ ಗುಜರಾತಿನ ಸುಲ್ತಾನ ಬಹಾದುರ್ ಶಹನು ಚಿತ್ತೋಡಕ್ಕೆ ಮುತ್ತಿಗೆ ಹಾಕಿದಾಗ ರಾಣಿಯು ಹುಮಾಯೂನನಿಗೆ ರಾಖಿ ಕಳಿಸಿದಳೆಂದೂ, ಅವನು ಅಣ್ಣನಾಗಿ ಧಾವಿಸಿದನೆಂದೂ ಕಥೆ. ದಾಖಲೆಗಳು ತಿಳಿಸುವುದು ಬೇರೆ. ಹುಮಾಯೂನನು ಸೈನ್ಯದೊಡನೆ ಮಾಳವದ ಸಾರಂಗಪುರದವರೆಗೆ ಬಂದು ಅಲ್ಲಿಯೇ ತಂಗಿದನು. 1535ರ ಮಾರ್ಚ್ ತಿಂಗಳಲ್ಲಿ ಕೋಟೆ ಬಿದ್ದಿತು, ಜೌಹರ್ ನಡೆಯಿತು. ಅವನು ಬಹಾದುರ್ ಶಹನನ್ನು ಮಂದಸೌರದ ಬಳಿ ಎದುರಿಸಿದ್ದು ಆಮೇಲೆ. ಆ ಕಾಲದ ಪರ್ಷಿಯನ್ ಬರಹಗಾರರು ರಾಖಿಯ ಮಾತೆತ್ತುವುದಿಲ್ಲ. ಹುಮಾಯೂನನ ಮಲತಂಗಿ ಗುಲ್ಬದನ್ ಬೇಗಂ ಬರೆದ 'ಹುಮಾಯೂನ್ ನಾಮಾ'ದಲ್ಲಿಯೂ ಅದರ ಸುಳಿವಿಲ್ಲ.

ಹಾಗಾದರೆ ಈ ಕಥೆ ನಮ್ಮ ಪುಸ್ತಕಗಳಿಗೆ ಬಂದದ್ದು ಹೇಗೆ? ಅದನ್ನು ದೂರದೂರಕ್ಕೆ ಹರಡಿದವನು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜೇಮ್ಸ್ ಟಾಡ್. 1818ರಿಂದ 1822ರವರೆಗೆ ರಜಪೂತ ಸಂಸ್ಥಾನಗಳಲ್ಲಿ ರಾಜಕೀಯ ಪ್ರತಿನಿಧಿಯಾಗಿದ್ದ ಆತ, ಚಾರಣರ ಹಾಡು, ವಂಶಾವಳಿ, ಬಾಯಿಮಾತುಗಳನ್ನು ಕೂಡಿಸಿ ರಾಜಸ್ಥಾನದ ಚರಿತ್ರೆಯನ್ನು 1829 ಮತ್ತು 1832ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದನು. ಉದಯಪುರ, ಬೂಂದಿ ಹಾಗೂ ಕೋಟಾದ ರಾಣಿಯರು ತನಗೂ ರಾಖಿ ಕಳಿಸಿ ಸಹೋದರನೆಂದು ಸ್ವೀಕರಿಸಿದ್ದನ್ನು ಆತ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಕರ್ಣಾವತಿಯ ಕಥೆಗೆ ಸಮಕಾಲೀನ ಆಧಾರವಿಲ್ಲದಿದ್ದರೂ, ರಾಖಿಯಿಂದ ಅನ್ಯರನ್ನು ಅಣ್ಣನಾಗಿಸಿಕೊಳ್ಳುವ ಪದ್ಧತಿ ರಜಪೂತರಲ್ಲಿ ಇದ್ದದ್ದು ನಿಜವೆಂಬುದಕ್ಕೆ ಟಾಡನ ಅನುಭವವೇ ಸಾಕ್ಷಿ.

ಈಗ ಸಂಪೂರ್ಣ ಆಧಾರವುಳ್ಳ ಒಂದು ಘಟನೆಗೆ ಬರೋಣ. ವೈಸರಾಯ್ ಕರ್ಜನ್ ಬಂಗಾಳವನ್ನು ಎರಡು ಮಾಡಲು ಹೊರಟನು. ಆಡಳಿತದ ಅನುಕೂಲಕ್ಕಾಗಿ ಎಂಬುದು ಸರ್ಕಾರದ ವಾದ. ಆದರೆ ಒಗ್ಗೂಡಿದ ಬಂಗಾಳ ಒಂದು ಶಕ್ತಿ, ಒಡೆದರೆ ಅದು ಕುಂದುತ್ತದೆ ಎಂಬ ಲೆಕ್ಕಾಚಾರ ಗೃಹ ಕಾರ್ಯದರ್ಶಿ ರಿಸ್ಲಿಯ ಟಿಪ್ಪಣಿಗಳಲ್ಲಿಯೇ ಇದೆ. ವಿಭಜನೆ ಜಾರಿಯಾದದ್ದು 1905ರ ಅಕ್ಟೋಬರ್ 16ರಂದು. ಶ್ರಾವಣ ಹುಣ್ಣಿಮೆ ಕಳೆದು ಎರಡು ತಿಂಗಳಾಗಿದ್ದರೂ ಆ ದಿನವನ್ನೇ ರಾಖಿಯ ದಿನವಾಗಿ ಆಚರಿಸಬೇಕೆಂದು ರವೀಂದ್ರನಾಥ ಟಾಗೋರರು ಕರೆ ಕೊಟ್ಟರು. ಅಂದು ಒಲೆ ಹಚ್ಚಬಾರದೆಂಬ 'ಅರಂಧನ'ದ ಸಲಹೆ ರಾಮೇಂದ್ರಸುಂದರ ತ್ರಿವೇದಿಯವರದು.

ಬೆಳಿಗ್ಗೆ ಕಲ್ಕತ್ತೆಯ ಜನ ಬರಿಗಾಲಲ್ಲಿ ಗಂಗೆಗೆ ನಡೆದು, ಮಿಂದು, ಒಬ್ಬರಿಗೊಬ್ಬರು ರಾಖಿ ಕಟ್ಟಿದರು. ಟಾಗೋರರ ಬಂಧು, ಚಿತ್ರಕಾರ ಅವನೀಂದ್ರನಾಥರು 'ಘರೋಯಾ' ಎಂಬ ನೆನಪಿನ ಪುಸ್ತಕದಲ್ಲಿ ಇದನ್ನು ಹೇಳಿದ್ದಾರೆ. ದಾರಿಯಲ್ಲಿ ಕುದುರೆ ಲಾಯದ ಮುಸಲ್ಮಾನ ಕೆಲಸಗಾರರಿಗೆ ರಾಖಿ ಕಟ್ಟಿ ಆಲಿಂಗಿಸಿದ ಕವಿ, ಬಳಿಕ ಚಿತ್ಪುರದ ದೊಡ್ಡ ಮಸೀದಿಗೇ ಹೊರಟರಂತೆ. ಏನಾಗುವುದೋ ಎಂದು ಜೊತೆಯವರು ಹೆದರಿದರು. ಮೌಲವಿಗಳು ನಗುತ್ತಾ ಕೈ ನೀಡಿದರು.

ಪಾಠ ಇಲ್ಲಿಗೇ ಮುಗಿದರೆ ಚೆನ್ನ. ಆದರೆ ಇತಿಹಾಸ ಮುಂದುವರಿಯಿತು. ಢಾಕಾದ ನವಾಬ ಸಲೀಮುಲ್ಲಾ ವಿಭಜನೆಯ ಪರವಾಗಿದ್ದರು. 1906ರ ಡಿಸೆಂಬರಿನಲ್ಲಿ ಢಾಕಾದಲ್ಲಿ ಮುಸ್ಲಿಂ ಲೀಗ್ ಹುಟ್ಟಿತು. 1907ರಲ್ಲಿ ಪೂರ್ವ ಬಂಗಾಳದ ಕುಮಿಲ್ಲಾ, ಜಮಾಲಪುರಗಳಲ್ಲಿ ಗಲಭೆಗಳಾದವು. 1911ರ ದೆಹಲಿ ದರ್ಬಾರಿನಲ್ಲಿ ವಿಭಜನೆ ರದ್ದಾಯಿತೇನೋ ನಿಜ, ಆದರೆ 1947ರಲ್ಲಿ ಅದೇ ನೆಲ ಮತ್ತೆ ಒಡೆಯಿತು.

ಟಾಗೋರರು ಚಳವಳಿಯಿಂದ ದೂರ ಸರಿದು, ಇತರರನ್ನು ದೂರುವ ಬದಲು ತಮ್ಮವರನ್ನೇ ಪ್ರಶ್ನಿಸಿದರು. ಜಮೀನ್ದಾರಿ ಕಚೇರಿಯಲ್ಲಿ ಮುಸಲ್ಮಾನ ರೈತ ಕೂರಲು ಬಂದರೆ ಹಾಸಿದ ಜಮಖಾನದ ಅಂಚನ್ನು ಮಡಚಿ ಜಾಗ ಮಾಡುತ್ತಿದ್ದ ಪದ್ಧತಿಯನ್ನು ಅವರು ತಮ್ಮ ಪ್ರಬಂಧದಲ್ಲಿ ಎತ್ತಿ ತೋರಿಸಿದರು. ಎಷ್ಟೋ ಕಾಲ ಒಂದೇ ಹಾಸಿನ ಮೇಲೆ ಕೂರಿಸದವನನ್ನು, ಕಷ್ಟ ಬಂದ ದಿನ ಹಠಾತ್ತನೆ ತಮ್ಮಾ ಎಂದು ಕರೆದರೆ ಅವನು ಓಗೊಡಬೇಕೇಕೆ?

ಇದೇ ಪ್ರಶ್ನೆ ಒಡಹುಟ್ಟಿದವರಿಗೂ ಸಲ್ಲುತ್ತದೆ. ಹುಣ್ಣಿಮೆಯಂದು ಕೈಯೊಡ್ಡಿ ರಾಖಿ ಕಟ್ಟಿಸಿಕೊಂಡ ಅಣ್ಣ, ತಂಗಿ ತನ್ನ ಪಾಲಿನ ಮಾತೆತ್ತಿದ ದಿನ ಮುಖ ತಿರುಗಿಸಿದರೆ ಆ ದಾರಕ್ಕೆ ಬೆಲೆಯೇನು? ಮಕ್ಕಳಿಗೆ ಕರ್ಣಾವತಿಯ ಕಥೆಯನ್ನು ಕಥೆಯೆಂದೇ ಹೇಳಿ, ತಪ್ಪಿಲ್ಲ. ಅದರೊಡನೆ 1905ರ ರಾಖಿಯನ್ನೂ, ಆ ಜಮಖಾನದ ಮಾತನ್ನೂ ತಪ್ಪದೆ ಹೇಳಿ. ದಾರ ಕಟ್ಟಲು ಒಂದು ಗಳಿಗೆ ಸಾಕು. ಸಂಬಂಧವನ್ನು ಉಳಿಸಿಕೊಳ್ಳಬೇಕಾದದ್ದು ವರ್ಷದ ಉಳಿದ ದಿನಗಳಲ್ಲಿ.