12ನೇ ವಾರ, 24ನೇ ವಾರ: ವಯಸ್ಕರ ಮೊಡವೆ ಮತ್ತು ಜೋಡಿ ಔಷಧ

ಮೊಡವೆಯನ್ನು ಹರೆಯದ ಖಾತೆಗೆ ಬರೆದು ಸುಮ್ಮನಾಗುವುದು ರೂಢಿ. ಆದರೆ ಮೂವತ್ತು ದಾಟಿದ ಮೇಲೂ, ಹೆಚ್ಚಾಗಿ ಹೆಂಗಸರಲ್ಲಿ, ದವಡೆಯ ಅಂಚಿಗೆ ಮುಟ್ಟಿದರೆ ನೋಯುವ ಗಂಟುಗಳಾಗಿ ಅದು ಉಳಿದುಬಿಡುವುದುಂಟು. ಇಂಥ ಮೊಡವೆಗೆ ಒಂದೇ ಮುಲಾಮು ಸಾಲುವುದು ಅಪರೂಪ. ಆಂಡ್ರೊಜನ್ ಹಾರ್ಮೋನಿನ ಪ್ರಚೋದನೆಯಿಂದ ಗ್ರಂಥಿ ಜಿಡ್ಡು ಸುರಿಸುತ್ತದೆ, ರಂಧ್ರದ ಬಾಯಿ ಕಟ್ಟಿಕೊಳ್ಳುತ್ತದೆ, ಒಳಗೆ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಉರಿಯೂತ ಏಳುತ್ತದೆ. ಔಷಧಗಳನ್ನು ಜೋಡಿಸುವಾಗ ಒಂದೊಂದಕ್ಕೂ ಬೇರೆ ಕೆಲಸ ಇರಬೇಕು ಎನ್ನುವುದು ಇದಕ್ಕೇ. ಹಚ್ಚಲು ಕ್ಲಿಂಡಾಮೈಸಿನ್, ನುಂಗಲು ಡಾಕ್ಸಿಸೈಕ್ಲಿನ್ ಎಂದು ಆ್ಯಂಟಿಬಯಾಟಿಕ್ ಮೇಲೆ ಆ್ಯಂಟಿಬಯಾಟಿಕ್ ಕೊಡುವುದು ಜೋಡಣೆಯಲ್ಲ, ಪುನರುಕ್ತಿ. ಆ್ಯಂಟಿಬಯಾಟಿಕ್ ಜೊತೆಗೆ ಬೆಂಜೋಯಿಲ್ ಪೆರಾಕ್ಸೈಡ್ ಇದ್ದರೆ ಬ್ಯಾಕ್ಟೀರಿಯಾ ಔಷಧಕ್ಕೆ ಜಗ್ಗದಂತಾಗುವ ಅಪಾಯ ತಗ್ಗುತ್ತದೆ. (ಟವೆಲು, ದಿಂಬಿನ ಕವರು ಅಲ್ಲಲ್ಲಿ ಬಿಳಚಿಕೊಳ್ಳುವುದೂ ಇದರಿಂದಲೇ, ಸೋಪನ್ನು ಬೈಯಬೇಕಿಲ್ಲ.) ಕಟ್ಟಿಕೊಂಡ ರಂಧ್ರ ತೆರೆಯುವ ಟ್ರೆಟಿನಾಯಿನ್‌ನ ಹಳೆಯ ಬಗೆ ಬೆಂಜೋಯಿಲ್ ಪೆರಾಕ್ಸೈಡ್‌ನೊಡನೆ ಬೆರೆತರೆ ಕೆಡುತ್ತದೆ, ಹಾಗಾಗಿ ಒಂದು ಬೆಳಗ್ಗೆ, ಒಂದು ರಾತ್ರಿ. ಅದೇ ಕೆಲಸದ ಅಡಾಪಲಿನ್ ಕೆಡುವುದಿಲ್ಲ, ಒಂದೇ ಟ್ಯೂಬಿನಲ್ಲಿ ಎರಡೂ ಸಿಗುತ್ತವೆ.

ಈ ಟಿಪ್ಪಣಿ ಮುಖ್ಯವಾಗಿ ಹಿಡಿದಿರುವುದು ಒಂದು ಪ್ರಶ್ನೆಯನ್ನು: ಜೋಡಿ ಫಲಿಸಿತೇ ಎಂದು ತೀರ್ಮಾನಿಸಲು ಎಷ್ಟು ದಿನ ಕಾಯಬೇಕು?

2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ 'ಸಾಫಾ' ಪ್ರಯೋಗ ಇದಕ್ಕೆ ಒಳ್ಳೆಯ ಆಧಾರ. ಇಂಗ್ಲೆಂಡ್ ಮತ್ತು ವೇಲ್ಸ್‌ನ 410 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಆಂಡ್ರೊಜನ್‌ನ ಪರಿಣಾಮ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ, ಉಳಿದವರಿಗೆ ಹುಸಿಮಾತ್ರೆ. ಆರು ವಾರ ದಿನಕ್ಕೆ 50 ಮಿಲಿಗ್ರಾಂ, ಆಮೇಲೆ 100. ಹಚ್ಚುವ ಔಷಧಗಳನ್ನು ಎರಡೂ ಗುಂಪಿನವರು ಮುಂದುವರಿಸಬಹುದಿತ್ತು. 12ನೇ ವಾರದಲ್ಲಿ ಮೊಡವೆ ಸುಧಾರಿಸಿದೆ ಎಂದವರು ಮಾತ್ರೆಯ ಗುಂಪಿನಲ್ಲಿ ಶೇ. 72, ಹುಸಿಮಾತ್ರೆಯ ಗುಂಪಿನಲ್ಲಿ ಶೇ. 68. ಇಷ್ಟಕ್ಕೇ ಪುಸ್ತಕ ಮುಚ್ಚಿದ್ದರೆ ಮಾತ್ರೆ ದಂಡ ಅನ್ನಿಸುತ್ತಿತ್ತು. 24ನೇ ವಾರದಲ್ಲಿ ಅದೇ ಅಂಕಿ 82 ಮತ್ತು 63. ಹುಸಿಮಾತ್ರೆಯವರ 63 ಕೂಡ ಸಣ್ಣದಲ್ಲ. ಅದರಲ್ಲಿ ಮುಲಾಮಿನ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಈ ಪ್ರಯೋಗದಿಂದ ಬಿಡಿಸಿ ಹೇಳಲಾಗದು. ಫ್ರಾನ್ಸಿನ 'ಫಾಸ್' ಪ್ರಯೋಗದಲ್ಲಿ ಎರಡೂ ಗುಂಪಿಗೆ ಬೆಂಜೋಯಿಲ್ ಪೆರಾಕ್ಸೈಡ್ ಕೊಟ್ಟು, ಡಾಕ್ಸಿಸೈಕ್ಲಿನ್‌ನ ಎದುರು ಸ್ಪೈರೊನೊಲ್ಯಾಕ್ಟೋನನ್ನು ತೂಗಿದರು. ಅಲ್ಲೂ ನಾಲ್ಕು ತಿಂಗಳಿಗೆ ಖಚಿತ ಅಂತರ ಕಾಣಲಿಲ್ಲ, ಆರು ತಿಂಗಳಿಗೆ ಕಂಡಿತು.

ಸ್ಪೈರೊನೊಲ್ಯಾಕ್ಟೋನ್ ಮೂಲತಃ ರಕ್ತದೊತ್ತಡ, ಹೃದಯದ ಕಾಯಿಲೆಗೆ ಬಂದದ್ದು. ಗರ್ಭಿಣಿಯರಿಗೆ ಸಲ್ಲದು, ಗಂಡಸರಲ್ಲಿ ಎದೆ ಊದಿಸಬಹುದು. ಮೂತ್ರದ ಸೋಂಕಿಗೆ ಕೊಡುವ ಟ್ರೈಮೆಥೊಪ್ರಿಮ್ ಜೊತೆ ಸೇರಿದರೆ ರಕ್ತದ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ತೀವ್ರ ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ ಮತ್ತು ಡಾಕ್ಸಿಸೈಕ್ಲಿನ್ ಅಂತೂ ಒಟ್ಟಿಗೆ ಕೂಡದ ಜೋಡಿ, ತಲೆಬುರುಡೆಯೊಳಗಿನ ಒತ್ತಡ ಹೆಚ್ಚಬಹುದು. ಎರಡನ್ನು ಬೇರೆ ಬೇರೆ ವೈದ್ಯರು ಬರೆದಾಗಲೇ ಇಂಥ ಎಡವಟ್ಟು ಸುಲಭ.

'ಮೂರು ಔಷಧದ ಮಿಶ್ರಣ' ಎಂಬ ಮಾತನ್ನೂ ಸೋಸಿ ನೋಡಬೇಕು. ಕ್ಲಿಂಡಾಮೈಸಿನ್, ಅಡಾಪಲಿನ್, ಬೆಂಜೋಯಿಲ್ ಪೆರಾಕ್ಸೈಡ್ ಮೂರೂ ಇರುವ ಜೆಲ್‌ಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಚೀಟಿಯಿಲ್ಲದೆ ಕೈಗೆ ಬರುವ ಮೂರರ ಮಿಶ್ರಣ ಬೇರೆ: ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್. ಅದು ಬಂಗಿನ ಔಷಧ, ಮೊಡವೆಯದಲ್ಲ. ನಾಲ್ಕೇ ದಿನಕ್ಕೆ ಕೆಂಪು ಇಳಿಯುವುದರಿಂದ ಗುಣವಾಯಿತೆಂಬ ಭ್ರಮೆ ಹುಟ್ಟುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಬಿಸಿಲಿಗೆ ಉರಿದು, ನಿಲ್ಲಿಸಿದೊಡನೆ ಮೊಡವೆ ಮೊದಲಿಗಿಂತ ಜೋರಾಗಿ ಏಳುತ್ತದೆ.

ಚರ್ಮವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಹಳೆಯ ಟ್ಯೂಬು, ಮಾತ್ರೆಯ ಪಟ್ಟಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಹೋಗಿ. ಯಾವುದನ್ನು ಎಷ್ಟು ವಾರ ಬಳಸಿ ಬಿಟ್ಟಿರಿ ಎಂಬುದನ್ನೂ ಹೇಳಿ.