ಕಾವಿಗೆ ಕೂತ ಕೋಳಿಯ ಚರಿತ್ರೆ

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಕೋಳಿ ಅಂಕಕ್ಕೂ ಜಾಗವಿದೆ. ತಮಿಳುನಾಡಿನ ಅರಸಲಾಪುರದಲ್ಲಿ ಕಾಳಗದ ಹುಂಜವೊಂದರ ನೆನಪಿಗೆ ನೆಟ್ಟ ಕಲ್ಲು ಸಿಕ್ಕಿದೆ. ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಶಾಸನವಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ಹೆಸರು ಹಿಡಿದು ನೆನೆಯುತ್ತದೆ. ಕಾದಾಡಿದ ಪ್ರಾಣಿಗಳಿಗೆ ಚರಿತ್ರೆಯಲ್ಲಿ ಹೆಸರು ದಕ್ಕಿತು. ಹಿತ್ತಲಲ್ಲಿ ಕೆದಕಿ ತಿಂದು, ಮೊಟ್ಟೆಯಿಟ್ಟು, ಮರಿ ಮಾಡಿದ ಹೇಂಟೆಗೆ ಅಂಥ ಕಲ್ಲನ್ನು ನಾನಂತೂ ಕಂಡಿಲ್ಲ.

ಹೇಂಟೆಯ ಚರಿತ್ರೆ ಬರೆಯಬೇಕೆಂದರೆ ಅದು ಮಾಡುವ ಒಂದು ಕೆಲಸವನ್ನು ಹಿಡಿದೇ ಹೊರಡಬೇಕು. ಅದು ಕಾವು. ನಾಟಿ ಕೋಳಿ ಹತ್ತು ಹದಿನೈದು ಮೊಟ್ಟೆಯಿಟ್ಟು ನಿಲ್ಲಿಸುತ್ತದೆ. ಮೈ ಬಿಸಿಯೇರಿ, ಗರಿ ಕೆದರಿಕೊಂಡು, ಹತ್ತಿರ ಹೋದವರನ್ನು ಕುಕ್ಕುತ್ತಾ ಗೂಡಿನಲ್ಲೇ ಕೂರುತ್ತದೆ. ಹುಲ್ಲು ಹಾಸಿದ ಬುಟ್ಟಿಯಲ್ಲಿ ಮೊಟ್ಟೆ ಇಟ್ಟುಕೊಟ್ಟರೆ 21 ದಿನಕ್ಕೆ ಮರಿ. ಆಮೇಲೆ ಮರಿಗಳು ತಮ್ಮಷ್ಟಕ್ಕೆ ಮೇಯುವವರೆಗೆ ಅದು ಮತ್ತೆ ಮೊಟ್ಟೆಯಿಡುವುದಿಲ್ಲ. ಹೀಗಾಗಿ ವರ್ಷಕ್ಕೆ ಸಿಗುವ ಮೊಟ್ಟೆ ಐವತ್ತೋ ಅರವತ್ತೋ ಅಷ್ಟೆ.

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹೊಲದ ಪಹಣಿ ಹೆಚ್ಚಾಗಿ ಗಂಡಸಿನ ಹೆಸರಿನಲ್ಲಿರುತ್ತಿತ್ತು, ಎತ್ತಿನ ವ್ಯಾಪಾರವೂ ಅವನದೇ. ಕೋಳಿ ಮಾತ್ರ ಹೆಂಗಸಿನದು. ಸಂತೆಯಲ್ಲಿ ಹುಂಜ ಮಾರಿ ಬಂದ ದುಡ್ಡಿಗೆ ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ಈ ಪುಟ್ಟ ಆಸ್ತಿ ಅವಳ ಬದುಕಿನ ತಿರುವುಗಳ ಜೊತೆಗೇ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಮಗಳು ಗಂಡನ ಮನೆಗೆ ಹೊರಟರೆ ಒಂದು ಹೇಂಟೆ ಜೊತೆಗೆ ಹೋಗುತ್ತಿತ್ತು. ಬಾಣಂತಿಯ ಸಾರಿಗೆ, ಮಾರಿಹಬ್ಬದ ಹರಕೆಗೆ, ನೆಂಟರ ಊಟಕ್ಕೆ ಒಂದೊಂದು ಖಾಲಿಯಾಗುತ್ತಿತ್ತು. ಕೈ ಸಾಗದ ಕಾಲದಲ್ಲಿ ಹೇಂಟೆಯನ್ನು ಇನ್ನೊಬ್ಬಳಿಗೆ ಪಾಲಿಗೆ ಬಿಡುತ್ತಿದ್ದರು: ಸಾಕಿದವಳಿಗೆ ಅರ್ಧ ಮರಿ, ಒಡತಿಗೆ ಅರ್ಧ.

ನನ್ನ ಅವ್ವ ನನ್ನನ್ನು ಓದಲು ಪಟ್ಟಣಕ್ಕೆ ಕಳಿಸಿದ ವರ್ಷ ಒಂದು ಬಿಟ್ಟು ಮಿಕ್ಕ ಕೋಳಿಗಳನ್ನೆಲ್ಲ ಮಾರಿದಳು. ನಾನು ಸಪ್ಪಗಾದದ್ದು ಕಂಡು, “ಒಂದ್ ಯಾಟೆ ಉಳುದ್ರೆ ಸಾಕು ಕನ್ಮಗ, ಮಂಕ್ರಿ ತುಂಬುತ್ತೆ” ಅಂದಳು. ಸಮಾಧಾನದ ಮಾತೆಂದುಕೊಂಡಿದ್ದ ಅದು ಲೆಕ್ಕದ ಮಾತು ಎಂದು ತಿಳಿದದ್ದು ಈ ವಿಷಯ ಓದತೊಡಗಿದ ಮೇಲೆ. ಕಾವು ಕೂರುವ ಒಂದು ಹೇಂಟೆ, ಪಕ್ಕದ ಮನೆಯ ಹುಂಜ, ಒಂದು ಬುಟ್ಟಿ ಇದ್ದರೆ ಹಿಂಡನ್ನು ಮತ್ತೆ ಮೊದಲಿನಿಂದ ಕಟ್ಟಬಹುದು. ಕೊಕ್ಕರೆ ರೋಗ ಬಂದು ಊರಿನ ಕೋಳಿಯೆಲ್ಲ ಸತ್ತಾಗಲೂ ಮಗಳ ಊರಿಗೆ ಹೋಗಿದ್ದ ಹೇಂಟೆಯ ಸಂತತಿಯಿಂದ ತವರಿನ ಗೂಡು ತುಂಬುತ್ತಿತ್ತು. ಹಂಚಿಕೊಂಡದ್ದೇ ವಿಮೆಯಾಗುತ್ತಿತ್ತು.

20ನೇ ಶತಮಾನದ ಕೋಳಿ ವಿಜ್ಞಾನಕ್ಕೆ ಈ ಕಾವೇ ದೊಡ್ಡ ತೊಡಕಾಗಿ ಕಂಡಿತು. ಕೂತ ದಿನಗಳೆಲ್ಲ ಮೊಟ್ಟೆಯಿಲ್ಲದ ದಿನಗಳು. ಕಾವು ಕೂರದ ಕೋಳಿಗಳನ್ನೇ ಆರಿಸಿ ತಲೆಮಾರುಗಟ್ಟಲೆ ಬೆಳೆಸಿದರು, ಮರಿ ಮಾಡುವ ಕೆಲಸ ಯಂತ್ರಕ್ಕೆ ಹೋಯಿತು. ಬಿಳಿ ಲೆಗ್‌ಹಾರ್ನ್ ಮೂಲದ ಇಂದಿನ ಫಾರಂ ಕೋಳಿ ವರ್ಷಕ್ಕೆ ಸುಮಾರು 300 ಮೊಟ್ಟೆಯಿಡುತ್ತದೆ. ಬಡವರ ತಟ್ಟೆಗೂ ಶಾಲೆಯ ಬಿಸಿಯೂಟಕ್ಕೂ ಮೊಟ್ಟೆ ಬಂದದ್ದರ ಹಿಂದೆ ಈ ಕೋಳಿಯಿದೆ. ಅದನ್ನು ಹಳಿಯುವುದು ಕೃತಘ್ನತೆ.

1980ರ ದಶಕದ ಕೊನೆಗೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಿತ್ತಲಿಗೆಂದೇ ಗಿರಿರಾಜ ತಳಿಯನ್ನು ರೂಪಿಸಿದರು. ಬಣ್ಣದ ಗರಿ, ದೊಡ್ಡ ಮೈ, ನಾಟಿಗಿಂತ ಎರಡು ಪಟ್ಟು ಮೊಟ್ಟೆ. ಆದರೆ ಅದರಲ್ಲೂ ಕಾವಿನ ಗುಣ ಹಿಂದೆ ಸರಿದಿತ್ತು. ಹಿಂಡು ಮುಗಿದಾಗ ಹೊಸ ಮರಿಗೆ ಮತ್ತೆ ಕೇಂದ್ರದ ಬಾಗಿಲಿಗೇ ಹೋಗಬೇಕು. ಮೊಟ್ಟೆ ಹೆಚ್ಚಾಯಿತು, ಹಿಂಡನ್ನು ಮತ್ತೆ ಶುರುಮಾಡುವ ಶಕ್ತಿ ಮಾತ್ರ ಹಿತ್ತಲಿನಿಂದ ಹೊರಗೆ ಹೋಯಿತು. ಹಳ್ಳಿಯ ಹೆಂಗಸರು ಇದಕ್ಕೂ ದಾರಿ ಹುಡುಕಿದರು: ಗಿರಿರಾಜನ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗೆ ಇಟ್ಟರು. ಹಾಗೆ ಹುಟ್ಟಿದ ಮರಿಗಳಲ್ಲಿ ಮೂಲ ತಳಿಯ ಗುಣ ಪೂರ್ತಿ ಉಳಿಯುವುದಿಲ್ಲ ಎಂದು ತಜ್ಞರು ಹೇಳುತ್ತಾರೆ. ನಿಜವೇ. ಆದರೂ ಯಾರನ್ನೂ ಕೇಳದೆ ಗೂಡು ತುಂಬಿಸಿಕೊಳ್ಳುವುದು ಆ ಹೆಂಗಸರಿಗೆ ತಳಿಯ ಶುದ್ಧಿಗಿಂತ ದೊಡ್ಡದಾಗಿತ್ತು.

ಹಿತ್ತಲ ಕೋಳಿಯ ಕಾಲ ಮುಗಿಯಿತು ಎನ್ನುವವರಿಗೆ 2019ರ ಜಾನುವಾರು ಗಣತಿ ಬೇರೆಯೇ ಮಾತು ಹೇಳುತ್ತದೆ. ದೇಶದ ಸುಮಾರು 85 ಕೋಟಿ ಕೋಳಿ ಮತ್ತಿತರ ಸಾಕುಹಕ್ಕಿಗಳಲ್ಲಿ 31 ಕೋಟಿಗೂ ಹೆಚ್ಚು ಹಿತ್ತಲಿನವು, ಹಿಂದಿನ ಗಣತಿಗಿಂತ ಸುಮಾರು ಶೇಕಡ 46 ಹೆಚ್ಚು. ಆದರೆ ಗಣತಿ ಎಣಿಸುವುದು ತಲೆಗಳನ್ನು. ಅವುಗಳಲ್ಲಿ ಎಷ್ಟು ಹೇಂಟೆಗಳು ಕಾವು ಕೂರುತ್ತವೆ, ಎಷ್ಟು ಮನೆಗಳು ಒಂದೇ ಕೋಳಿಯಿಂದ ಮತ್ತೆ ಹಿಂಡು ಕಟ್ಟಬಲ್ಲವು ಎಂಬುದು ಆ ಸಂಖ್ಯೆಯಲ್ಲಿ ಕಾಣುವುದಿಲ್ಲ. ವರ್ಷಕ್ಕೆ 300 ಮೊಟ್ಟೆಯ ಪಕ್ಕದಲ್ಲಿ 60 ಸೋತಂತೆ ಕಾಣುತ್ತದೆ. ಒಬ್ಬ ಹೆಂಗಸಿನ ನಲವತ್ತು ವರ್ಷದ ಸಂಸಾರವನ್ನು ಅಳತೆಗೆ ಇಟ್ಟುಕೊಂಡರೆ ಸೋಲು ಗೆಲುವನ್ನು ಇಷ್ಟು ಸಲೀಸಾಗಿ ಹೇಳಲಾಗದು.