ಡಾಂಗಲ್ ಅನುಕರಣೆ

ಡಾಂಗಲ್ ಅನುಕರಣೆ ಎಂದರೆ, ತಂತ್ರಾಂಶವೊಂದರ ಅನಧಿಕೃತ ನಕಲನ್ನು ತಡೆಯಲು ಅದರೊಡನೆ ನೀಡಲಾಗುವ ಯಂತ್ರಾಂಶ ಕೀಲಿಯ ವರ್ತನೆಯನ್ನು ಇನ್ನೊಂದು ತಂತ್ರಾಂಶದ ಮೂಲಕ ಮರುಸೃಷ್ಟಿಸುವ ವಿಧಾನ. ಈ ಕೀಲಿಯನ್ನು ಡಾಂಗಲ್ ಅಥವಾ ಹಾರ್ಡ್‌ವೇರ್ ಲಾಕ್ ಎಂದು ಕರೆಯಲಾಗುತ್ತದೆ. ಕೀಲಿಯು ಗಣಕದ ಪೋರ್ಟ್‌ಗೆ ಸಿಕ್ಕಿಸಿರುವಾಗ ಮಾತ್ರ ಸಂಬಂಧಿತ ತಂತ್ರಾಂಶ ಕಾರ್ಯನಿರ್ವಹಿಸುತ್ತದೆ. ಅನುಕರಣೆಯಲ್ಲಿ ಕೀಲಿ ಭೌತಿಕವಾಗಿ ಇರುವುದಿಲ್ಲ. ಆದರೆ ತಂತ್ರಾಂಶ ಕೇಳುವ ಪ್ರಶ್ನೆಗಳಿಗೆ ಅದು ಇದ್ದಂತೆಯೇ ಉತ್ತರಗಳು ದೊರೆಯುತ್ತವೆ. ಮೂಲ ತಂತ್ರಾಂಶವನ್ನು ತಿದ್ದಿ ಪರೀಕ್ಷೆಯ ಭಾಗವನ್ನೇ ಕಿತ್ತುಹಾಕುವ ಕ್ರ್ಯಾಕಿಂಗ್‌ಗಿಂತ ಇದು ಭಿನ್ನವಾದುದು. ಅನುಕರಣೆಯಲ್ಲಿ ಮೂಲ ಕಡತಗಳು ಒಂದು ಬಿಟ್‌ನಷ್ಟೂ ಬದಲಾಗದ ಕಾರಣ, ಹಳೆಯ ತಂತ್ರಾಂಶಗಳ ಸಂರಕ್ಷಣೆಯಲ್ಲಿ ತೊಡಗಿರುವವರು ಸಾಮಾನ್ಯವಾಗಿ ಇದನ್ನೇ ಆರಿಸಿಕೊಳ್ಳುತ್ತಾರೆ.

ಹಿನ್ನೆಲೆ

1980ರಲ್ಲಿ ಕಮೊಡೋರ್ ಪೆಟ್ ಗಣಕಕ್ಕಾಗಿ ಬಂದ ವರ್ಡ್‌ಕ್ರಾಫ್ಟ್ ಎಂಬ ಪದಸಂಸ್ಕಾರಕವು ಡಾಂಗಲ್ ಬಳಸಿದ ಮೊದಲ ತಂತ್ರಾಂಶವೆಂದು ಪರಿಗಣಿತವಾಗಿದೆ. ಅದರ ಕೀಲಿಯನ್ನು ಗಣಕದ ಕ್ಯಾಸೆಟ್ ಪೋರ್ಟ್‌ಗೆ ಸಿಕ್ಕಿಸಬೇಕಾಗಿತ್ತು. 'ಡಾಂಗಲ್' ಎಂಬ ಪದವು ಡಾನ್ ಗಾಲ್ ಎಂಬ ವ್ಯಕ್ತಿಯ ಹೆಸರಿನಿಂದ ಬಂದಿತೆಂದು ರೇನ್‌ಬೋ ಟೆಕ್ನಾಲಜೀಸ್ ಸಂಸ್ಥೆಯು 1992ರ ಜಾಹೀರಾತೊಂದರಲ್ಲಿ ಹೇಳಿಕೊಂಡಿತು. ಇದು ಕಟ್ಟುಕಥೆ, ಆದರೂ ಇಂದಿಗೂ ಅಲ್ಲಲ್ಲಿ ಸತ್ಯವೆಂಬಂತೆ ಉಲ್ಲೇಖಗೊಳ್ಳುತ್ತದೆ.

1980ರ ಮತ್ತು 1990ರ ದಶಕಗಳಲ್ಲಿ 25 ಪಿನ್‌ಗಳ ಪ್ಯಾರಲಲ್ ಪೋರ್ಟ್ ಕೀಲಿಗಳು ಪ್ರಚಲಿತವಾಗಿದ್ದವು. ಕೀಲಿಯ ಇನ್ನೊಂದು ತುದಿಗೆ ಮುದ್ರಕವನ್ನು ಜೋಡಿಸಬಹುದಾಗಿತ್ತು. ಸ್ಟ್ರೋಬ್ ಸಂಕೇತವಿಲ್ಲದೆ ಬರುವ ದತ್ತಾಂಶವನ್ನು ಮುದ್ರಕ ಗಮನಿಸುವುದಿಲ್ಲವಾದ್ದರಿಂದ ಎರಡೂ ಒಂದೇ ತಂತಿಯನ್ನು ಹಂಚಿಕೊಳ್ಳಲು ಸಾಧ್ಯವಾಯಿತು. ನಂತರ ಯುಎಸ್‌ಬಿ ಕೀಲಿಗಳು ಬಂದವು. ಈ ಕ್ಷೇತ್ರದ ಎರಡು ದೊಡ್ಡ ಹೆಸರುಗಳಾದ ರೇನ್‌ಬೋದ ಸೆಂಟಿನೆಲ್ ಮತ್ತು ಇಸ್ರೇಲಿನ ಅಲಾದಿನ್ ಸಂಸ್ಥೆಯ ಹಾಸ್ಪ್, ಸರಣಿ ವಿಲೀನಗಳ ಮೂಲಕ ಸೇಫ್‌ನೆಟ್, ಜೆಮಾಲ್ಟೊಗಳನ್ನು ಹಾದು 2019ರಲ್ಲಿ ಫ್ರಾನ್ಸಿನ ಥೇಲ್ಸ್ ಸಮೂಹದ ವಶವಾದವು. ಕೀಲಿಯ ಮೇಲೆ ಮುದ್ರಿತವಾಗಿರುವ ಸಂಸ್ಥೆಯ ಹೆಸರಿನಿಂದ ಇಂದಿನ ಚಾಲಕ ತಂತ್ರಾಂಶವನ್ನು ಹುಡುಕುವವರು ದಾರಿ ತಪ್ಪಲು ಇದೂ ಒಂದು ಕಾರಣ.

ಕಾರ್ಯವಿಧಾನ

ಸರಳವಾದ ಕೀಲಿಗಳಲ್ಲಿ ಸ್ಮೃತಿಯೇ ಇರಲಿಲ್ಲ. ಅಮಿಗ ಗಣಕಕ್ಕಾಗಿ ಓಷನ್ ಸಂಸ್ಥೆ ಪ್ರಕಟಿಸಿದ ರೋಬೋಕಾಪ್ 3 ಆಟದ ಕೀಲಿ ಜಾಯ್‌ಸ್ಟಿಕ್ ಪೋರ್ಟ್‌ನಲ್ಲಿ ಕೂರುತ್ತಿತ್ತು. ಆಟವು ಫೈರ್ ಗುಂಡಿಯ ತಂತಿಯ ಮೂಲಕ ಒಂದು ಸ್ಪಂದನ ಕಳುಹಿಸಿದಾಗ ದಿಕ್ಕಿನ ತಂತಿಯೊಂದರ ಸ್ಥಿತಿ ಬದಲಾಗಬೇಕು, ಪರೀಕ್ಷೆ ಇಷ್ಟೇ. ಇಂತಹ ಹಲವು ಕೀಲಿಗಳ ಅನುಕರಣೆಯು ವಿನ್‌ಯುಎಇ ಎಂಬ ಅಮಿಗ ಎಮ್ಯುಲೇಟರ್‌ನಲ್ಲಿ ಸೇರಿದೆ. ಅವುಗಳ ಪೈಕಿ ಬಿ.ಎ.ಟಿ. 2 ಆಟದ ಕೀಲಿ ಸೀರಿಯಲ್ ಪೋರ್ಟ್ ಬಳಸುತ್ತದೆ.

ಮುಂದಿನ ಪೀಳಿಗೆಯ ಕೀಲಿಗಳು ಪ್ರಶ್ನೋತ್ತರ ಕ್ರಮವನ್ನು ಅಳವಡಿಸಿಕೊಂಡವು: ತಂತ್ರಾಂಶ ಒಂದು ಸಂಖ್ಯೆಯನ್ನು ಕಳುಹಿಸುತ್ತದೆ, ಕೀಲಿಯೊಳಗಿನ ಚಿಪ್ ಅದನ್ನು ಗುಪ್ತ ಸೂತ್ರದಿಂದ ಪರಿವರ್ತಿಸಿ ಹಿಂದಿರುಗಿಸುತ್ತದೆ. ಜೊತೆಗೆ ಪರವಾನಗಿಯ ವಿವರಗಳನ್ನಿಡಲು ಪುಟ್ಟ ಸ್ಮೃತಿಯೂ ಇರುತ್ತದೆ. ಆಧುನಿಕ ಕೀಲಿಗಳು ಎಇಎಸ್‌ನಂತಹ ಪ್ರಬಲ ಗೂಢಲಿಪಿ ಬಳಸುತ್ತವೆ ಹಾಗೂ ಪ್ರತಿ ಸಂವಾದದಲ್ಲೂ ಹೊಸ ಯಾದೃಚ್ಛಿಕ ಸಂಖ್ಯೆಯನ್ನು ಬೆರೆಸುತ್ತವೆ. ಆದ್ದರಿಂದ ಪೋರ್ಟ್‌ನಲ್ಲಿ ಹರಿಯುವ ದತ್ತಾಂಶವನ್ನು ದಾಖಲಿಸಿ ಮರಳಿ ಒಪ್ಪಿಸುವ ವಿಧಾನ ಹಳೆಯ ಕೀಲಿಗಳಿಗೆ ಮಾತ್ರ ಅನ್ವಯಿಸುತ್ತದೆ. ಹೊಸ ಕೀಲಿ ಹಾಳಾದಾಗ ಮಾರಾಟಗಾರರಿಂದ ಪರವಾನಗಿಯನ್ನು ವರ್ಗಾಯಿಸಿಕೊಳ್ಳುವುದೇ ಕಾರ್ಯಸಾಧ್ಯ ಮಾರ್ಗ.

ಸಮಸ್ಯೆಗಳು ಮತ್ತು ಪತ್ತೆ

'ಕೀಲಿ ಕಂಡುಬಂದಿಲ್ಲ' ಎಂಬ ಸಂದೇಶ ಹಲವು ಬೇರೆ ಬೇರೆ ದೋಷಗಳ ಸಮಾನ ಮುಖ. ಕೀಲಿ, ಪೋರ್ಟ್, ಚಾಲಕ, ಹಿನ್ನೆಲೆ ಸೇವೆ, ಮೂಲ ತಂತ್ರಾಂಶ ಎಂಬ ಸರಪಳಿಯಲ್ಲಿ ಕೊಂಡಿ ಎಲ್ಲಿ ಕಳಚಿದೆ ಎಂಬುದನ್ನು ಮೊದಲು ಗುರುತಿಸಬೇಕಾಗುತ್ತದೆ. ಹಾಸ್ಪ್ ಕುಟುಂಬದ ದೋಷಸಂಖ್ಯೆಗಳು ಇಲ್ಲಿ ನೆರವಾಗುತ್ತವೆ. ಸಂಖ್ಯೆ 7 ಎಂದರೆ ಕೀಲಿಯೇ ಸಿಗಲಿಲ್ಲ. 31 ಎಂದರೆ ಕೀಲಿ ಇದೆ, ಕೇಳಿದ ಪರವಾನಗಿ ಅದರಲ್ಲಿಲ್ಲ. 33 ಎಂದರೆ ಹಿನ್ನೆಲೆ ಸೇವೆಯನ್ನು ಸಂಪರ್ಕಿಸಲಾಗಲಿಲ್ಲ. ಈ ಸೇವೆಯು 1947ನೆಯ ಪೋರ್ಟ್ ಸಂಖ್ಯೆಯಲ್ಲಿ ಆಲಿಸುತ್ತದೆ (ಭಾರತೀಯರಿಗೆ ನೆನಪಿಡಲು ಸುಲಭವಾದ ಸಂಖ್ಯೆ). ಫೈರ್‌ವಾಲ್ ಅದನ್ನು ತಡೆದಿದ್ದರೆ ಜಾಲದ ಇನ್ನೊಂದು ಗಣಕದಲ್ಲಿರುವ ಕೀಲಿ ಕಾಣುವುದಿಲ್ಲ.

ಅನುಕರಣೆ ವಿಫಲವಾಯಿತೆಂದು ಭಾವಿಸಲಾಗುವ ಎಷ್ಟೋ ಪ್ರಕರಣಗಳಲ್ಲಿ ನಿಜವಾದ ತೊಡಕು ಕಾರ್ಯಾಚರಣಾ ವ್ಯವಸ್ಥೆಯದು. ವಿಂಡೋಸ್ ಎನ್‌ಟಿ ಮತ್ತು ಅದರ ಉತ್ತರಾಧಿಕಾರಿಗಳು ಸಾಮಾನ್ಯ ತಂತ್ರಾಂಶಗಳಿಗೆ ಪೋರ್ಟ್ ವಿಳಾಸಗಳನ್ನು ನೇರವಾಗಿ ಮುಟ್ಟಲು ಬಿಡುವುದಿಲ್ಲ. ಕರ್ನೆಲ್ ಚಾಲಕ ಅಗತ್ಯ. ವಿಂಡೋಸ್ ವಿಸ್ತಾದಿಂದ ಮೊದಲ್ಗೊಂಡು 64 ಬಿಟ್ ಆವೃತ್ತಿಗಳಲ್ಲಿ ಆ ಚಾಲಕಕ್ಕೆ ಡಿಜಿಟಲ್ ಸಹಿ ಇರಲೇಬೇಕು. 64 ಬಿಟ್ ವಿಂಡೋಸ್ 16 ಬಿಟ್ ತಂತ್ರಾಂಶಗಳನ್ನು ನಡೆಸುವುದೇ ಇಲ್ಲ. ಇಂತಹ ತಂತ್ರಾಂಶಗಳನ್ನು ಅವುಗಳ ಕಾಲದ ವ್ಯವಸ್ಥೆಯಿರುವ ವರ್ಚುವಲ್ ಯಂತ್ರದಲ್ಲಿ, ಜಾಲ ಸಂಪರ್ಕವಿಲ್ಲದೆ ಇರಿಸುವುದು, ಸಹಿ ಪರಿಶೀಲನೆಯನ್ನು ಸ್ಥಗಿತಗೊಳಿಸುವುದಕ್ಕಿಂತ ಸುರಕ್ಷಿತ.

ಪ್ಯಾರಲಲ್ ಕೀಲಿಗಳ ಮಾಲೀಕರು ಮೊದಲು ಕೊಳ್ಳುವ ಅಗ್ಗದ ಯುಎಸ್‌ಬಿ-ಪ್ಯಾರಲಲ್ ಪರಿವರ್ತಕವು ಸಾಮಾನ್ಯವಾಗಿ ನಿಷ್ಪ್ರಯೋಜಕ. ಅದು ತನ್ನನ್ನು ಮುದ್ರಕವೆಂದು ಪರಿಚಯಿಸಿಕೊಳ್ಳುತ್ತದೆಯೇ ಹೊರತು ಹೆಕ್ಸ್ 378ರಂತಹ ಸಾಂಪ್ರದಾಯಿಕ ಪೋರ್ಟ್ ವಿಳಾಸವನ್ನು ಒದಗಿಸುವುದಿಲ್ಲ. ಹೆಚ್ಚುವರಿ ಪಿಸಿಐ ಕಾರ್ಡ್‌ಗಳು ನಿಜವಾದ ಪೋರ್ಟ್ ನೀಡುತ್ತವೆ. ಆದರೆ ಅವುಗಳ ವಿಳಾಸ ಬೇರೆಯಾಗಿದ್ದು, 378 ಅಥವಾ 278ನ್ನು ಮಾತ್ರ ತಡಕುವ ಹಳೆಯ ತಂತ್ರಾಂಶ ಅವನ್ನು ಗುರುತಿಸದು.

ವೇಗವೂ ತೊಂದರೆ ಕೊಡುತ್ತದೆ. ಡಾಸ್ ಕಾಲದ ಕೆಲವು ತಂತ್ರಾಂಶಗಳು ಎರಡು ಸಂಕೇತಗಳ ನಡುವಿನ ವಿರಾಮವನ್ನು ಖಾಲಿ ಲೂಪ್‌ಗಳ ಎಣಿಕೆಯಿಂದ ಅಳೆಯುತ್ತಿದ್ದವು. ವೇಗದ ಸಂಸ್ಕಾರಕದಲ್ಲಿ ಆ ವಿರಾಮ ಕುಗ್ಗಿ, ನೈಜ ಕೀಲಿಯೇ ಉತ್ತರಿಸಲಾಗದೆ ಹೋಗುತ್ತದೆ. ಎಮ್ಯುಲೇಟರ್‌ನಲ್ಲಿ ಕೀಲಿಯ ಉತ್ತರದ ಸಮಯವನ್ನು ಆತಿಥೇಯ ಗಣಕದ ಗಡಿಯಾರದಿಂದ ಅಳೆಯದೆ, ಅನುಕರಿಸಲಾದ ಯಂತ್ರದ ಗಡಿಯಾರದಿಂದಲೇ ಅಳೆಯಬೇಕು. ಒಮ್ಮೆ ಯಶಸ್ವಿಯಾಗಿ ಮತ್ತೊಮ್ಮೆ ವಿಫಲವಾಗುವ, ಕ್ರಮವಿಲ್ಲದ ದೋಷ ಕಂಡಾಗ ಮೊದಲು ಶಂಕಿಸಬೇಕಾದುದು ಇದನ್ನೇ.

ಇದಕ್ಕಿಂತ ಕುಟಿಲವಾದುದು ಅಪೂರ್ಣ ಅನುಕರಣೆ. ದಾಖಲಿಸಿದ ಪ್ರಶ್ನೋತ್ತರಗಳ ಪಟ್ಟಿಯನ್ನೇ ಅವಲಂಬಿಸಿದ ಎಮ್ಯುಲೇಟರ್, ದಾಖಲೆಯ ಸಮಯದಲ್ಲಿ ಬಾರದಿದ್ದ ಪ್ರಶ್ನೆಗೆ ಉತ್ತರಿಸಲಾರದು. ತಂತ್ರಾಂಶ ಸರಿಯಾಗಿ ತೆರೆದುಕೊಂಡು, ದಿನಗಟ್ಟಲೆ ನಡೆದು, ವಿರಳವಾಗಿ ಬಳಸುವ ಯಾವುದೋ ಒಂದು ಆಯ್ಕೆಯಲ್ಲಿ ನಿಲ್ಲುತ್ತದೆ. ಪರೀಕ್ಷೆಗೂ ಅದರ ಪರಿಣಾಮಕ್ಕೂ ನಡುವೆ ಅಂತರವಿರಲೆಂದು ಕೀಲಿ ತಯಾರಕರು ತಂತ್ರಾಂಶ ರಚಿಸುವವರಿಗೆ ಸಲಹೆ ನೀಡುವುದುಂಟು. ಹೀಗಾಗಿ ವೈಫಲ್ಯ ತಕ್ಷಣ ಕಾಣಿಸದೆಯೂ ಇರಬಹುದು. ವಿನ್ಯಾಸ ಅಥವಾ ಅಳತೆಯ ತಂತ್ರಾಂಶಗಳಲ್ಲಿ ಇದು ಅಪಾಯಕಾರಿ. ಹಳೆಯ ಯಂತ್ರದಲ್ಲಿ ಸಿದ್ಧಪಡಿಸಿದ ಕಡತವೊಂದರ ಫಲಿತಾಂಶವನ್ನು ಹೊಸ ವ್ಯವಸ್ಥೆಯ ಫಲಿತಾಂಶದೊಡನೆ ಹೋಲಿಸದೆ, 'ತೆರೆದುಕೊಂಡಿತು' ಎಂಬುದನ್ನೇ ಯಶಸ್ಸೆಂದು ತಿಳಿಯಲಾಗದು.

ಕೀಲಿಗೆ ಆಂತರಿಕ ಸ್ಥಿತಿ ಇದ್ದರೆ ಮತ್ತೊಂದು ತೊಡಕು ಸೇರುತ್ತದೆ. ಯಂತ್ರದ ಸ್ಥಿತಿಯನ್ನು ಉಳಿಸಿ ಪುನಃ ತೆರೆಯುವಾಗ ಕೀಲಿಯ ಎಣಿಕೆ ಉಳಿಯದಿದ್ದಲ್ಲಿ, ತಂತ್ರಾಂಶ ಒಂದು ಹಂತದಲ್ಲೂ ಕೀಲಿ ಇನ್ನೊಂದು ಹಂತದಲ್ಲೂ ಇರುತ್ತವೆ. ಇಂತಹ ಸಂದರ್ಭದಲ್ಲಿ ಯಂತ್ರವನ್ನು ಮೊದಲಿನಿಂದ ಆರಂಭಿಸಿ ಪರೀಕ್ಷಿಸಲಾಗುತ್ತದೆ.

ನೈಜ ಯುಎಸ್‌ಬಿ ಕೀಲಿಯನ್ನು ವರ್ಚುವಲ್ ಯಂತ್ರಕ್ಕೆ ಹಾದುಹೋಗಿಸುವುದು, ಕೀಲಿ ಸುಸ್ಥಿತಿಯಲ್ಲಿರುವವರೆಗೆ, ಅನುಕರಣೆಗಿಂತ ಸರಳ. ಲಿನಕ್ಸ್‌ನಲ್ಲಿ ಸಾಧನಗಳ ಪಟ್ಟಿಯಲ್ಲಿ 0529 ಎಂಬ ತಯಾರಕ ಸಂಖ್ಯೆ ಅಲಾದಿನ್ ಮೂಲದ ಕೀಲಿಯನ್ನೂ 064ಎಫ್ ಎಂಬುದು ಜರ್ಮನಿಯ ವಿಬು-ಸಿಸ್ಟಮ್ಸ್ ಕೀಲಿಯನ್ನೂ ಸೂಚಿಸುತ್ತವೆ. ಆತಿಥೇಯ ವ್ಯವಸ್ಥೆಯೇ ಕೀಲಿಯನ್ನು ಹಿಡಿದಿಟ್ಟುಕೊಂಡಿದ್ದರೆ ಒಳಗಿನ ಯಂತ್ರಕ್ಕೆ ಅದು ದೊರೆಯುವುದಿಲ್ಲ.

ಸುರಕ್ಷತೆ

ಅಪರಿಚಿತ ಮೂಲಗಳಿಂದ ದೊರೆಯುವ ಎಮ್ಯುಲೇಟರ್‌ಗಳು ಕರ್ನೆಲ್ ಮಟ್ಟದಲ್ಲಿ ಚಲಿಸುವುದರಿಂದ ಇಡೀ ಗಣಕವನ್ನೇ ಅವುಗಳ ಕೈಗೊಪ್ಪಿಸಿದಂತಾಗುತ್ತದೆ. ಅಧಿಕೃತ ತಂತ್ರಾಂಶಗಳೂ ಸಂಪೂರ್ಣ ನಿರ್ದೋಷಿಗಳಲ್ಲ. 2018ರ ಜನವರಿಯಲ್ಲಿ ಕ್ಯಾಸ್ಪರ್‌ಸ್ಕಿ ಸಂಶೋಧಕರು ಸೆಂಟಿನೆಲ್ ಹಿನ್ನೆಲೆ ಸೇವೆಯಲ್ಲಿ 14 ದೌರ್ಬಲ್ಯಗಳನ್ನು ಪ್ರಕಟಿಸಿದರು. ಕೀಲಿಯನ್ನು ಕಿತ್ತ ಮೇಲೂ 1947ನೆಯ ಪೋರ್ಟ್ ತೆರೆದೇ ಉಳಿಯುತ್ತಿತ್ತು. ಹಳೆಯ ಚಾಲಕವೇ ತಮಗೆ ಹೊಂದುತ್ತದೆಂದು ಅದನ್ನು ಉಳಿಸಿಕೊಂಡಿರುವ ಕಾರ್ಖಾನೆಗಳಿಗೆ ಈ ವರದಿ ಮುಖ್ಯವಾದುದು.

ಕಾನೂನು

ಅಮೆರಿಕದ 1998ರ ಡಿಜಿಟಲ್ ಮಿಲೇನಿಯಂ ಕೃತಿಸ್ವಾಮ್ಯ ಕಾಯ್ದೆ ರಕ್ಷಣಾ ಕ್ರಮಗಳ ಉಲ್ಲಂಘನೆಯನ್ನು ನಿಷೇಧಿಸುತ್ತದೆ. ಆದರೆ ಹಾಳಾದ, ಬದಲಿ ದೊರೆಯದ ಡಾಂಗಲ್‌ಗಳಿಂದಾಗಿ ಬಳಸಲಾಗದ ತಂತ್ರಾಂಶಗಳಿಗೆ 2003, 2006 ಮತ್ತು 2010ರ ನಿಯಮಗಳಲ್ಲಿ ವಿನಾಯಿತಿ ನೀಡಲಾಗಿತ್ತು. ಗಮನಿಸಬೇಕಾದುದೆಂದರೆ, ಕೀಲಿ ಹಾಳಾಗಿರುವುದಷ್ಟೇ ಸಾಲದು, ಅದು ಬಳಕೆಯಿಂದ ಮರೆಯಾಗಿರಲೂ ಬೇಕಿತ್ತು.

ಭಾರತದಲ್ಲಿ 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯ್ದೆಗೆ 65ಎ ವಿಧಿ ಸೇರಿತು. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣಾ ಕ್ರಮವನ್ನು ಭೇದಿಸಿದರೆ ಎರಡು ವರ್ಷಗಳವರೆಗೆ ಸೆರೆವಾಸ ಹಾಗೂ ದಂಡ ವಿಧಿಸಬಹುದು. ಇಲ್ಲಿ ಉದ್ದೇಶವೇ ನಿರ್ಣಾಯಕ. ಕಾಯ್ದೆ ನಿಷೇಧಿಸದ ಕಾರ್ಯಕ್ಕಾಗಿ ಇನ್ನೊಬ್ಬರಿಗೆ ನೆರವಾಗುವವರು ಅವರ ಹೆಸರು, ವಿಳಾಸ ಮುಂತಾದ ವಿವರಗಳ ದಾಖಲೆ ಇಡಬೇಕೆಂದೂ ಅದೇ ವಿಧಿ ಹೇಳುತ್ತದೆ.

ಕನ್ನಡದ ಸಂದರ್ಭ

ಯೂನಿಕೋಡ್ ವ್ಯಾಪಕವಾಗುವ ಮೊದಲು ಕನ್ನಡ ಪುಟವಿನ್ಯಾಸಕ್ಕೆ ಬಳಕೆಯಲ್ಲಿದ್ದ ಶ್ರೀಲಿಪಿಯಂತಹ ವಾಣಿಜ್ಯ ತಂತ್ರಾಂಶಗಳು ಹಾರ್ಡ್‌ವೇರ್ ಲಾಕ್‌ನೊಂದಿಗೆ ಮಾರಾಟವಾಗುತ್ತಿದ್ದವು. ಅವುಗಳಲ್ಲಿ ಸಿದ್ಧವಾದ ಪುಸ್ತಕಗಳ ಕಡತಗಳು ಆಯಾ ಅಕ್ಷರವಿನ್ಯಾಸಗಳ ಸ್ವಂತ ಸಂಕೇತ ಕ್ರಮದಲ್ಲಿರುತ್ತವೆ. ಕೀಲಿ ಕಳೆದುಹೋದ ಮುದ್ರಣಾಲಯಕ್ಕೆ ಬೇಕಾದುದು ಪಠ್ಯ ಮಾತ್ರವಾದರೆ ಅನುಕರಣೆಯ ಅಗತ್ಯವಿಲ್ಲ; ಹಳೆಯ ಸಂಕೇತಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿಂದ ಅದನ್ನು ಪಡೆಯಬಹುದು. ಒತ್ತಕ್ಷರಗಳು ಮತ್ತು ಅರ್ಕಾವತ್ತಿನ ಸ್ಥಾನಗಳನ್ನು ಕೈಯಾರೆ ಪರಿಶೀಲಿಸಬೇಕಾಗುತ್ತದೆ. ಮೂಲ ಪುಟವಿನ್ಯಾಸವೇ ಬೇಕಿದ್ದಲ್ಲಿ ಆ ತಂತ್ರಾಂಶ, ಅದರ ಕೀಲಿ ಮತ್ತು ಅದಕ್ಕೆ ಹೊಂದುವ ಗಣಕ ಮೂರೂ ಒಟ್ಟಿಗೆ ಉಳಿದಿರಬೇಕಾಗುತ್ತದೆ.